ಬಾಲ ಬಿಟ್ಟ ಕೆಂಪು ಚುಕ್ಕೆ

ನನ್ನ ಹೆಂಡತಿಯ ಕೈಗೆ ಏನೇ ಸಿಕ್ಕಲಿ, ಅದು ಪರೀಕ್ಷೆಗೆ ಕೂತಿತು ಅಂತಲೇ ಲೆಕ್ಕ. ಹೊಸ ಕುಕ್ಕರ್ ತಂದ ದಿನ ಅದರ ಮುಚ್ಚಳ ಹಾಕಿ ತೆಗೆದು, ಹಾಕಿ ತೆಗೆದು, ಆ ಸದ್ದಿಗೆ ಪಕ್ಕದ ಮನೆಯವರು ಗಾಬರಿಯಾಗಿ ಬಂದಿದ್ದರು. ಕುರ್ಚಿ ತಂದರೆ ಮೊದಲು ತಲೆಕೆಳಗು ಮಾಡಿ ಮೊಳೆ ನೋಡುತ್ತಾಳೆ. ಆಮೇಲೆ ತೀರ್ಪು. ತೀರ್ಪು ಮೂರೇ ಬಗೆ: "ಇಟ್ಕೊಳ್ಳಿ", "ವಾಪಸ್ ಕಳಿಸಿ", ಇಲ್ಲವೇ "ನೋಡೋಣ". ಮದುವೆಯಾದ ಹೊಸತರಲ್ಲಿ ಹುಡುಗಾಟಕ್ಕೆ ನನ್ನ ಬಗ್ಗೆ ಏನು ತೀರ್ಪು ಅಂತ ಕೇಳಿದ್ದೆ. "ನೋಡೋಣ" ಅಂದಳು. ಈಗ ಮೊಮ್ಮಗ ಶಾಲೆಗೆ ಹೋಗ್ತಿದ್ದಾನೆ, ಇನ್ನೂ ನೋಡ್ತಾನೇ ಇದ್ದಾಳೆ.

ಅವಳನ್ನು ಅಂದು ಏನು ಪ್ರಯೋಜನ, ಕಸುಬೇ ಅಂಥದ್ದು. ಊರಂಚಿನ ಶೂಟಿಂಗ್ ಕ್ಲಬ್ಬಿನ ಆಯುಧದ ಕೋಣೆ ಅವಳ ಸುಪರ್ದಿಯಲ್ಲಿದೆ. ಅವಳಪ್ಪ ನೋಡಿಕೊಳ್ಳುತ್ತಿದ್ದ ಕೆಲಸ, ಅವರ ನಂತರ ಇವಳ ಕೈಗೆ ಬಂತು. ಕ್ಲಬ್ಬು ಹೊಸ ಪಿಸ್ತೂಲು ಕೊಳ್ಳಬೇಕಾದರೆ ಮೊದಲು ಇವಳು ಪರೀಕ್ಷೆ ಮಾಡಿ ಹೂಂ ಅನ್ನಬೇಕು. ಗುರಿ ತಪ್ಪಿದ ಸದಸ್ಯರು ಬಂದು "ಮೇಡಂ, ಈ ಗನ್ ಸರಿಯಿಲ್ಲ" ಅಂತ ರಾಗ ಎಳೆಯುತ್ತಾರೆ. ಇವಳು ಅದೇ ಗನ್ ಇಸಿದುಕೊಂಡು ಗುರಿಹಲಗೆಯ ನಟ್ಟನಡುವೆ ಒಂದು ತೂತು ಮಾಡಿ ವಾಪಸ್ ಕೊಡುತ್ತಾಳೆ. ಜೊತೆಗೆ ಒಂದು ಗಾದೆ ಉಚಿತ: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ದೊಡ್ಡವರು ಚಿಕ್ಕವರು ಅನ್ನೋ ಭೇದ ಇಲ್ಲ. ಕ್ಲಬ್ಬಿನ ಕಾರ್ಯದರ್ಶಿಗೂ ಒಮ್ಮೆ ನಾಲ್ಕು ಜನರ ಮುಂದೆ ಇದೇ ಗಾದೆ ಬಿತ್ತು. ಆ ಮನುಷ್ಯ ಅದನ್ನು ಮರೆತಿಲ್ಲ. ಅವತ್ತಿನಿಂದ ಆ ಕೋಣೆಗೆ ತನ್ನ ಭಾವಮೈದುನನನ್ನು ತಂದು ಕೂರಿಸೋಕೆ ಹೊಂಚು ಹಾಕ್ತಾನೇ ಇದ್ದಾನೆ.

ಕ್ಲಬ್ಬಿನಲ್ಲಿ ಇವಳನ್ನು ಎಲ್ಲರೂ ಹದ್ದಿನಕಣ್ಣು ಅಂತಲೇ ಕರೆಯೋದು. ನನ್ನದೋ, ಕನ್ನಡಕದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಊರಿನ ಕಣ್ಣೆಲ್ಲ ನಾನು ನೋಡಿದ್ದೇನೆ, ಹೆಂಡತಿಯ ಕಣ್ಣು ಮಾತ್ರ ನೋಡಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ನೋಡುವ ಅಗತ್ಯವಾದರೂ ಏನಿತ್ತು ಹೇಳಿ? ಅವಳ ಕಣ್ಣು ನೋಡಿಯೇ ನಾನು ಮರುಳಾಗಿದ್ದು. ಆಗ ನಾನು ಅಂಗಡಿ ತೆರೆದ ಹೊಸತು. ಅವಳಪ್ಪನಿಗೆ ಕನ್ನಡಕ ಮಾಡಿಸೋಕೆ ಜೊತೆಗೆ ಬಂದವಳು ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕೂಡ ಬರಲಿಲ್ಲ. ಅಲ್ಲಿಂದಲೇ ಗೋಡೆಯ ಮೇಲಿನ ಅಕ್ಷರದ ಚಾರ್ಟಿನ ಕಟ್ಟಕಡೆಯ ಸಾಲು, ಇರುವೆಯಷ್ಟು ಸಣ್ಣ ಅಕ್ಷರ, ಪಟಪಟ ಓದಿಬಿಟ್ಟಳು: "ರ, ಟ, ಗ, ಮ, ಸ, ಲ." ನಾನು ಅಳತೆಪಟ್ಟಿ ಕೈಯಲ್ಲಿ ಹಿಡಿದು ಬಾಯಿ ಬಿಟ್ಟುಕೊಂಡು ನಿಂತೆ. ಮುಂದಿನ ವಾರವೇ ಅವಳಪ್ಪನ ಮುಂದೆ ಹೋಗಿ ಹೆಣ್ಣು ಕೇಳಿದೆ. ಈ ಕತೆಯನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.

ಇರಲಿ, ಪಿಸ್ತೂಲಿನ ವಿಷಯಕ್ಕೆ ಬರ್ತೀನಿ. ಕ್ಲಬ್ಬಿಗೆ ಹೊಸ ಮಾದರಿಯೊಂದು ಪರೀಕ್ಷೆಗೆ ಬಂತು. ಒಮ್ಮೆ ಒತ್ತಿದರೆ ಒಂದು ಗುಂಡು ಹಾರಿ, ಮುಂದಿನದು ತಾನಾಗೇ ಬಂದು ಕೂರುವ ಜಾತಿಯದು. ಈಗಿನ ಪಿಸ್ತೂಲುಗಳ ಮೈ ಪ್ಲಾಸ್ಟಿಕ್ಕಂತೆ, ಇದರದು ಪೂರಾ ಲೋಹ. ಮೇಲೆ ಜಾರುವ ಸ್ಲೈಡಿನಲ್ಲಿ ಒಂದು ಕಡೆ ಕೊರೆದು ಮಟ್ಟ ಮಾಡಿ ಜಾಗ ಬಿಟ್ಟಿದ್ದಾರೆ. ಅಲ್ಲಿ ಬೆಂಕಿಪೊಟ್ಟಣದಷ್ಟು ಗಾಜಿನ ಕಿಟಕಿ ಕೂರಿಸಬಹುದು. ಅದರೊಳಗೆ ಇಣುಕಿದರೆ ಒಂದು ಕೆಂಪು ಚುಕ್ಕೆ ಕಾಣುತ್ತೆ. ಚುಕ್ಕೆ ಎಲ್ಲಿಯೋ ಗುಂಡು ಅಲ್ಲಿ, ಅಷ್ಟೇ. ನನಗಿರುವ ಪಿಸ್ತೂಲಿನ ಜ್ಞಾನವೂ ಅಷ್ಟೇ.

ಮೊದಲ ದಿನ ಮನೆಗೆ ಬಂದವಳ ಮುಖ ನೋಡಬೇಕಿತ್ತು! ಕೈಚೀಲ ಕೂಡ ಇಳಿಸದೆ ಶುರು ಮಾಡಿದಳು.

"ಏನು ತೂಕ ರೀ! ಕೈಯಲ್ಲಿ ಹಿಡಿದರೆ ಹಿಡಿದ ಹಾಗಿದೆ. ಹಾರಿಸಿದಾಗ ಮೂತಿ ಮೇಲಕ್ಕೆ ನೆಗೆಯೋದೇ ಇಲ್ಲ, ಸಾಧು ಪ್ರಾಣಿ. ಟ್ರಿಗರ್ ಅಂತೂ ಬೆಣ್ಣೆ."

ಆಮೇಲೆ ದಿನವೂ ಊಟಕ್ಕೆ ಕೂತರೆ ಅದೇ ಪುರಾಣ. ದುಬಾರಿ ಗುಂಡು ಹಾಕಿ ನೋಡಿದಳು, ಅಗ್ಗದ್ದು ಹಾಕಿ ನೋಡಿದಳು. ಎಣ್ಣೆ ಹಾಕದೆ, ಒರೆಸದೆ, ಕೊಳೆಯಾಗೋಕೆ ಬಿಟ್ಟು ನೋಡಿದಳು. ಕ್ಲಬ್ಬಿನ ಸಮಿತಿಯಲ್ಲಿರುವ, ಎಡಗೈಯಲ್ಲಿ ಹಾರಿಸುವ ಹಲ್ಲಿನ ಡಾಕ್ಟರಮ್ಮನ ಕೈಗೂ ಕೊಟ್ಟಳು. ಒಂದು ಗುಂಡೂ ಒಳಗೆ ಕಚ್ಚಿಕೊಳ್ಳಲಿಲ್ಲ. ಹಿಂದೆ ಮುಂದೆ ಇರುವ ಮಾಮೂಲಿ ಲೋಹದ ಗುರಿಮೊನೆ ನೋಡಿಯೇ ಹಾರಿಸಿದರೆ ತೂತುಗಳೆಲ್ಲ ಒಂದು ಬಟ್ಟಲಿನಲ್ಲಿ ಮುಚ್ಚುವಷ್ಟು ಹತ್ತಿರ. ಇನ್ನೇನು, "ಇಟ್ಕೊಳ್ಳಿ" ಅನ್ನುವುದೊಂದೇ ಬಾಕಿ ಅಂದುಕೊಂಡೆ.

ಆಗ ಮೇಲೆ ಗಾಜು ಕೂರಿಸಿದಳು ನೋಡಿ, ರಾಮಾಯಣ ಶುರುವಾಯಿತು.

"ಚುಕ್ಕೆ ದುಂಡಗಿಲ್ಲ" ಅಂದಳು. ಪಿಸ್ತೂಲು ತಂದಿದ್ದ ಮಾರಾಟದವನು ಪಾಪ ಓಡಿಬಂದು ಇಣುಕಿ, "ದುಂಡಗೇ ಇದೆಯಲ್ಲ ಮೇಡಂ" ಅಂದನಂತೆ. "ಮಾರೋನು ಇನ್ನೇನು ಚೌಕ ಅಂತಾನಾ? ಹೆತ್ತವರಿಗೆ ಹೆಗ್ಗಣ ಮುದ್ದು" ಅಂತ ಅವನ ಬಾಯಿ ಮುಚ್ಚಿಸಿದಳು. ಡಾಕ್ಟರಮ್ಮನೂ ನೋಡಿ ದುಂಡಗಿದೆ ಅಂದರೆ, "ನಿಮಗೆ ಹಲ್ಲು ನೋಡೋಕೆ ಬರುತ್ತೆ, ಇದು ಬರಲ್ಲ" ಅಂದಳಂತೆ. ಮಾರಾಟದವನು ಬೇರೆ ಗಾಜು ತರಿಸಿಕೊಟ್ಟ. ಅದರಲ್ಲೂ ಅದೇ ಕತೆ. ಎರಡು ಗಾಜಿನಲ್ಲೂ ಒಂದೇ ದೋಷ ಬಂದರೆ ದೋಷ ಗಾಜಿನದ್ದಲ್ಲ, ಪಿಸ್ತೂಲಿನದ್ದು ಅಂತ ತೀರ್ಮಾನಿಸಿದಳು. ಮೇಲೆ ಕೊರೆದ ಜಾಗವೇ ಓರೆಯಾಗಿದೆ, ಇಡೀ ಪಿಸ್ತೂಲು ವಾಪಸ್. ಭಾನುವಾರ ಸಮಿತಿ ಸೇರುತ್ತೆ, ಅಲ್ಲೇ ಹೇಳಿಬಿಡುತ್ತೇನೆ ಅಂದಳು.

ಇದನ್ನೆಲ್ಲ ಹೇಳಿದ್ದು ಶನಿವಾರ ಮಧ್ಯಾಹ್ನ, ಊಟದ ತಟ್ಟೆಯ ಮುಂದೆ. ನಾನು ಸುಮ್ಮನೆ ಮಾತಿಗೆ ಕೇಳಿದೆ, "ದುಂಡಗಿಲ್ಲ ಅಂದ್ರೆ ಹೇಗಿದೆ?"

"ಗೊದಮೊಟ್ಟೆ ನೋಡಿದ್ದೀರಲ್ಲ, ಕಪ್ಪೆ ಮರಿ? ಹಾಗಿದೆ. ಬಲಕ್ಕೆ ಮೇಲುಗಡೆ ಒಂದು ಬಾಲ."

ಕೈಯ ತುತ್ತು ಕೈಯಲ್ಲೇ ಉಳಿಯಿತು. ಈ ಗೊದಮೊಟ್ಟೆ ನನ್ನ ಅಂಗಡಿಗೆ ವಾರಕ್ಕೊಮ್ಮೆಯಾದರೂ ಬರುತ್ತೆ. ಬೀದಿದೀಪಕ್ಕೆ ಬಾಲ ಕಾಣುತ್ತೆ ಅಂತ ಬರೋರು, ಎದುರು ಬರುವ ಗಾಡಿಯ ದೀಪ ಒಡೆದು ಚದುರಿದ ಹಾಗಿದೆ ಅಂತ ಬರೋರು. ಕರಿಗುಡ್ಡೆಯ ಮುಂಭಾಗ ಚೆಂಡಿನ ಹಾಗೆ ದುಂಡಗಿರದೆ ಮೊಟ್ಟೆಯ ಹಾಗಿದ್ದರೆ ಹೀಗಾಗುತ್ತೆ. ಅದಕ್ಕೆ ಬೇರೆ ಥರದ ನಂಬರ್ ಹಾಕಿ ಕೊಡ್ತೀನಿ, ಅಷ್ಟೇ. ಚುಕ್ಕೆ ನೆಟ್ಟಗಿದೆ, ಪಿಸ್ತೂಲು ನೆಟ್ಟಗಿದೆ. ನಾಳೆ ಸಮಿತಿಯಲ್ಲಿ ಇವಳು ಬಾಲ ಇದೆ ಅಂತಾಳೆ, ಎಲ್ಲರೂ ಒಬ್ಬೊಬ್ಬರಾಗಿ ಇಣುಕುತ್ತಾರೆ, ಎಲ್ಲರಿಗೂ ದುಂಡಗೆ ಕಾಣುತ್ತೆ. ಕಾರ್ಯದರ್ಶಿ ಹಲ್ಲು ಕಿರಿಯುತ್ತಾನೆ. ಅಪ್ಪನಿಂದ ಬಂದ ಕೋಣೆ ಭಾವಮೈದುನನ ಪಾಲು.

ಹೇಳದೆ ವಿಧಿಯಿಲ್ಲ. ಹೇಳಿದರೆ ಉಳಿಗಾಲವಿಲ್ಲ. ಆದದ್ದಾಗಲಿ ಅಂತ ಹೇಳಿದೆ.

"ಲೇ, ಊಟ ಆದ್ಮೇಲೆ ಒಂದ್ನಿಮಿಷ ಕೆಳಗೆ ಬಾ, ಕಣ್ಣು ನೋಡ್ತೀನಿ."

"ಯಾರ ಕಣ್ಣು?"

"ನಿನ್ನದೇ ಕಣೇ."

ಸೌಟು ಠಣ್ ಅಂತ ಪಾತ್ರೆಗೆ ಬಿತ್ತು. "ಏನ್ರೀ! ಅವನು ಮಾರೋಕೆ ಬಂದವನು, ಏನೋ ಅಂದ. ನೀವೂನಾ? ನನ್ನ ಕಣ್ಣಿಗೆ ಹೆಸರಿಡ್ತೀರಾ? ಕಡೇ ಸಾಲು ಓದ್ಲಾ ಈಗ? ಕೇಳಿಸ್ಕೊಳ್ಳಿ. ರ, ಟ, ಗ, ಮ, ಸ, ಲ!"

"ಸರಿ ಕಣೇ" ಅಂದೆ ಮೆಲ್ಲಗೆ. "ಆದ್ರೆ ಚಾರ್ಟು ಕೆಳಗಡೆ ಅಂಗಡೀಲಿದೆ."

ಅವಳು ಸೌಟು ಎತ್ತಿಕೊಂಡು ಒಲೆಯ ಕಡೆ ತಿರುಗಿದಳು. ನಾನು ಗೆದ್ದೆ ಅಂತ ಬೀಗಲಿಲ್ಲ, ಅಷ್ಟು ದಡ್ಡನಲ್ಲ. ತಟ್ಟೆ ಎತ್ತುತ್ತಾ ಒಂದೇ ಮಾತು ಹೇಳಿದೆ. "ನನ್ನ ಮಾತು ನಂಬಬೇಡ. ಪಿಸ್ತೂಲು ಖಾಲಿ ಮಾಡಿ, ಚುಕ್ಕೆ ನೋಡ್ತಾ ಅದನ್ನು ಮಗ್ಗುಲಿಗೆ ಹೊರಳಿಸು. ಬಾಲ ಪಿಸ್ತೂಲಿನದ್ದಾದರೆ ಅದರ ಜೊತೆ ತಿರುಗುತ್ತೆ. ತಿರುಗದಿದ್ದರೆ ಅದು ನಿನ್ನದು." ಅವಳು ಪಾತ್ರೆಗಳನ್ನು ಬಡಿದು ಬಡಿದು ತೊಳೆದಳು.

ಭಾನುವಾರ ನಾನೂ ಜೊತೆಗೆ ಹೊರಟೆ. ಗುಂಡು ಹಾರಿಸುವ ಉದ್ದನೆಯ ಹಜಾರದ ಬಾಯಲ್ಲಿ ಸಮಿತಿಯವರೆಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾರಾಟದವನು ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ ಮೂಲೆಯಲ್ಲಿ ನಿಂತಿದ್ದ. ಕಾರ್ಯದರ್ಶಿ ಕಾಲ ಮೇಲೆ ಕಾಲು ಹಾಕಿ, "ಹೇಳಿ ಮೇಡಂ, ಏನೋ ಓರೆ ಅಂದ್ರಂತೆ?" ಅಂದ. ಆ ದನಿಯಲ್ಲೇ ಗೊತ್ತಾಯಿತು, ಡಾಕ್ಟರಮ್ಮನಿಗೆ ಚುಕ್ಕೆ ದುಂಡಗೆ ಕಂಡ ಸುದ್ದಿ ಅವನಿಗೆ ಆಗಲೇ ಮುಟ್ಟಿದೆ.

ಇವಳು ಪಿಸ್ತೂಲು ತೆಗೆದುಕೊಂಡಳು. ಗುಂಡು ತುಂಬುವ ಮ್ಯಾಗಜೀನ್ ಹೊರಗೆಳೆದಳು, ಸ್ಲೈಡ್ ಹಿಂದಕ್ಕೆಳೆದು ಒಳಗೆ ಗುಂಡಿಲ್ಲ ಅಂತ ನೋಡಿ, ಬೆರಳು ಹಾಕಿಯೂ ನೋಡಿದಳು. ದೂರದ ಗುರಿಹಲಗೆಯ ಕಡೆ ಕೈ ಚಾಚಿ ಚುಕ್ಕೆ ನೋಡಿದಳು. ವಾಪಸ್ ಕಳಿಸಿ ಅಂದುಬಿಟ್ಟರೆ ಮುಗಿಯಿತು. ಅವಳು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಮೆಲ್ಲಗೆ ಮಣಿಕಟ್ಟು ಹೊರಳಿಸಿ ಪಿಸ್ತೂಲನ್ನು ಪೂರ್ತಿ ಮಗ್ಗುಲಿಗೆ ಮಲಗಿಸಿದಳು. ಹಾಗೇ ಚುಕ್ಕೆ ನೋಡಿದಳು. ಮತ್ತೆ ನೆಟ್ಟಗೆ ಮಾಡಿದಳು, ಮತ್ತೆ ಮಲಗಿಸಿದಳು. ಆಮೇಲೆ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಸಮಿತಿಯ ಕಡೆ ತಿರುಗಿದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಅವಳು ನಾನೇ. ಬಾಲ ಇರೋದು ನನ್ನ ಕಣ್ಣಲ್ಲಿ. ಪಿಸ್ತೂಲು ಚೊಕ್ಕ ಚಿನ್ನ, ಇಟ್ಕೊಳ್ಳಿ."

ಅಯ್ಯೋ, ಆಗ ನನಗೆ ಅವಳ ಮೇಲೆ ಬಂದ ಹೆಮ್ಮೆ! ಎದ್ದು ಚಪ್ಪಾಳೆ ಹೊಡೆಯೋಣ ಅನ್ನಿಸಿತು. ಆದರೆ ಕಾರ್ಯದರ್ಶಿ ಕಾಯುತ್ತಿದ್ದುದೇ ಈ ಗಳಿಗೆಗೆ.

"ಹಾಗಾದ್ರೆ ಪರೀಕ್ಷೆ ಮಾಡೋರ ಕಣ್ಣೇ ಸರಿಯಿಲ್ಲ ಅಂತಾಯ್ತು. ನಾವೂ ಸ್ವಲ್ಪ ಯೋಚನೆ ಮಾಡಬೇಕಾಗುತ್ತೆ..."

"ಯೋಚನೆ ಮಾಡಿ" ಅಂದರು ಹಲ್ಲಿನ ಡಾಕ್ಟರಮ್ಮ. "ನಮ್ಮಲ್ಲಿ ಗನ್ ಸರಿಯಿದೆ, ತಪ್ಪು ನನ್ನದು ಅಂತ ಇದುವರೆಗೆ ಯಾರು ಅಂದಿದ್ದಾರೆ? ನಾನಂತೂ ಅಂದಿಲ್ಲ. ನೀವು ಅಂದಿದ್ದೀರಾ?" ಯಾರೋ ಕಿಸಕ್ಕನೆ ನಕ್ಕರು. ಕೊನೆಗೆ ಮುಂದಿನ ಭಾನುವಾರ ಇವಳು ಕನ್ನಡಕ ಹಾಕಿಕೊಂಡು ಎಲ್ಲರ ಮುಂದೆ ಹಾರಿಸಿ ತೋರಿಸಬೇಕು, ಆಮೇಲೆ ಉಳಿದ ಮಾತು ಅಂತಾಯಿತು.

ಮನೆಗೆ ಬಂದವಳೇ ನೇರ ಅಂಗಡಿಯ ಕುರ್ಚಿಯಲ್ಲಿ ಕೂತಳು. ಗೋಡೆ ನೋಡಿ ಹುಬ್ಬು ಗಂಟಿಕ್ಕಿದಳು.

"ಚಾರ್ಟ್ ಬದಲಾಯಿಸಿದ್ದೀರಾ? ಮೋಸ!"

"ಬೆಳಿಗ್ಗೆ ಎದ್ದವನೇ ಬದಲಾಯಿಸಿದೆ. ಓದು."

ದೊಡ್ಡ ಅಕ್ಷರ ಓದಿದಳು, ನಡುವಿನ ಸಾಲಿನಲ್ಲಿ ತಡವರಿಸಿದಳು, ಕೆಳಗಿನ ಸಾಲುಗಳ ತಂಟೆಗೇ ಹೋಗಲಿಲ್ಲ. ನಾನು ಗಾಜು ಹಾಕಿ ತೆಗೆದು ನೋಡುತ್ತಾ, "ಇದು ಈಗ ಬಂದಿದ್ದಲ್ಲ ಕಣೇ, ಹುಟ್ಟಿನಿಂದ ಇರೋ ಥರ ಇದೆ. ಚಿಕ್ಕ ವಯಸ್ಸಿನಲ್ಲಿ ಕಣ್ಣು ಹೇಗೋ ಸಂಭಾಳಿಸಿಕೊಂಡಿದೆ" ಅಂದೆ. ಅಂದ ಮೇಲೆ ನನಗೇ ಏನೋ ಹೊಳೆಯಿತು. "ಮತ್ತೆ ಅವತ್ತು ಬಾಗಿಲಲ್ಲಿ ನಿಂತು..."

"ನಮ್ಮಪ್ಪ ಹೊಸ ಗಾಜು ಹಾಕ್ಕೊಂಡು ಓದಿದ್ರಲ್ಲ, ಅದನ್ನ ಕೇಳಿಸಿಕೊಂಡು ಒಪ್ಪಿಸಿದೆ. ನಿಮಗೆ ಚೇಷ್ಟೆ ಮಾಡೋಣ ಅಂತ." ಅವಳ ದನಿ ಸಣ್ಣಗಾಗಿತ್ತು. "ನೀವು ನಮ್ಮನೆಗೆ ಬಂದು ಈ ಕಣ್ಣನ್ನೇ ಹೊಗಳಿದ್ರಿ. ಆಮೇಲೆ ಬಂದವರಿಗೆಲ್ಲ ಅದನ್ನೇ ಹೇಳಿದ್ರಿ. ಈ ಕುರ್ಚೀಲಿ ಹೇಗೆ ಕೂರ್ತಿದ್ದೆ ಹೇಳಿ?"

ನಗು ಬರಬೇಕಿತ್ತು. ಬರಲಿಲ್ಲ. ಇಷ್ಟು ಕಾಲ ಒಂದು ಸುಳ್ಳು ಕತೆ ಸಾರಿಕೊಂಡು, ಪಾಪ, ಇವಳನ್ನು ಅದರೊಳಗೆ ಕಟ್ಟಿಹಾಕಿದ್ದು ನಾನೇ. "ಕಣ್ಣು ಯಾರಿಗೆ ಬೇಕಿತ್ತೇ" ಅಂದೆ. "ಬಾಗಿಲಲ್ಲಿ ನಿಂತ ಆ ಜಂಬ ನೋಡಿ ಬಿದ್ದಿದ್ದು ನಾನು."

"ಸಾಕು, ಗಾಜು ಹಾಕಿ" ಅಂದಳು.

ಮುಂದಿನ ಭಾನುವಾರ ಅದೇ ಹಜಾರ, ಅದೇ ಜನ. ಇವಳು ಕನ್ನಡಕ ಏರಿಸಿ, ಪಿಸ್ತೂಲು ಎತ್ತಿ, ಗಾಜಿನಲ್ಲಿ ನೋಡಿ "ಓಹೋ" ಅಂದಳು. "ದುಂಡಗಿದೆ ರೀ. ಕುಂಕುಮದ ಬೊಟ್ಟು." ಆಮೇಲೆ ಹಾರಿಸಿದಳು. ಗುರಿಹಲಗೆ ಹತ್ತಿರ ತಂದು ನೋಡಿದರೆ ತೂತುಗಳನ್ನು ಮುಚ್ಚೋಕೆ ಬಟ್ಟಲು ಬೇಕಾಗಲಿಲ್ಲ, ನನ್ನ ಹೆಬ್ಬೆರಳು ಸಾಕಾಯಿತು. ಕಾರ್ಯದರ್ಶಿ ಎದ್ದು ಬಂದು ನೋಡಿ, ಗಂಟಲು ಸರಿಮಾಡಿಕೊಂಡು, ಕೋಣೆಯ ಬೀಗದ ಕೈ ಇವಳ ಹತ್ತಿರವೇ ಇರಲಿ ಅಂದ. ಮಾರಾಟದವನು ಕೈ ಮುಗಿದ, ಪಿಸ್ತೂಲಿಗೋ ಇವಳಿಗೋ ಗೊತ್ತಾಗಲಿಲ್ಲ.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಇವಳು ಪಿಸ್ತೂಲು ಒರೆಸಿ ಪೆಟ್ಟಿಗೆಗೆ ಸೇರಿಸಿದಳು. ಕನ್ನಡಕ ತೆಗೆದಿರಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದಳು, ಹೊಸ ಮಾಲು ಬಂದರೆ ನೋಡುತ್ತಾಳಲ್ಲ, ಹಾಗೆ, ಅಡಿಯಿಂದ ಮುಡಿವರೆಗೆ. ನಾನು ಹೊಟ್ಟೆ ಒಳಗೆಳೆದುಕೊಂಡು ನಿಂತೆ.

"ಮೈಬಣ್ಣ ಎಲ್ಲ ಹೋಗಿದೆ. ಮೇಲೆ ಕೂದಲೂ ಇಲ್ಲ" ಅಂದಳು. "ಇಷ್ಟು ಸರಿಯಾಗಿ ನಾನು ನೋಡೇ ಇರಲಿಲ್ಲ."

"ಏನು ತೀರ್ಪು ಮತ್ತೆ? ವಾಪಸ್ಸಾ?"

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು, ಇನ್ನೊಮ್ಮೆ ನೋಡಿದಳು.

"ಇಟ್ಕೊಳ್ತೀನಿ" ಅಂದಳು.