ಬಾಳೆಗುಂಡಿಗೆ ಚುಚ್ಚಿದ ಬೆರಳು

ಇವತ್ತು ನಮ್ಮ ಶಾಲೆಯ ಗ್ಲೋಬ್ ಒಡೆದುಹೋಗಿತ್ತು. ಮೂರು ತರಗತಿಯ ಮಕ್ಕಳು ಒಟ್ಟಿಗೆ ಕೂರುವ ಕೋಣೆ. "ಯಾರು ಒಡೆದಿದ್ದು?" ಎಂದೆ. ಒಬ್ಬ ಹುಡುಗ ಎದ್ದು "ನಾನೇ ಮಿಸ್" ಅಂದ. ಪಕ್ಕದಲ್ಲಿ ಅವನ ತಂಗಿ ತಲೆ ಬಗ್ಗಿಸಿ ಕೂತಿದ್ದಳು. ಅವಳ ಊಟದ ಡಬ್ಬಿಯಿಂದ ರಸಬಾಳೆಯ ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ ಹುಲ್ಲಹಳ್ಳಿಯ ನಮ್ಮ ಹಿತ್ತಲಲ್ಲಿ ಅಪ್ಪ ಬಾಳೆಗೊನೆಗಳನ್ನು ಗುಂಡಿಯಲ್ಲಿಟ್ಟು, ಹೊಗೆ ಊದಿ, ಮೇಲೆ ಕೆಸರು ಮೆತ್ತುತ್ತಿದ್ದ. ಹೊಗೆ ಸೋರಿದರೆ ಕಾಯಿ ಹಣ್ಣಾಗುವುದಿಲ್ಲ. ಒಂದನೇ ಕ್ಲಾಸಿನಲ್ಲಿದ್ದ ನಾನು ವಾಸನೆ ನೋಡುವ ಆಸೆಗೆ ಹಸಿ ಕೆಸರಿಗೆ ಬೆರಳು ಚುಚ್ಚಿದೆ. ಸಂತೆಯ ದಿನ ಅಪ್ಪ ಗುಂಡಿ ತೆಗೆದರೆ ಕಾಯೆಲ್ಲ ಇನ್ನೂ ಹಸಿರು.

ಅಪ್ಪ ಬೈಯಲಿಲ್ಲ. ನನ್ನನ್ನೂ ಅಣ್ಣನನ್ನೂ ಗುಂಡಿಯ ಮುಂದೆ ನಿಲ್ಲಿಸಿ, ಹೆಗಲ ಮೇಲಿನ ಟವೆಲ್ ತೆಗೆದು ನಿಧಾನವಾಗಿ ಮಡಿಸಿದ. ಸಿಟ್ಟು ಬಂದಾಗ ಅವನು ಹಾಗೇ ಮಾಡುತ್ತಿದ್ದ.

"ಯಾರ್ಲಾ ತೂತು ಮಾಡ್ದೋರು?"

"ನಾನೇ ಕಣಪ್ಪ," ಅಂದ ಅಣ್ಣ. ಹುಣಸೆ ಬರಲಿನ ಏಟು ಅವನ ಕಾಲಿಗೆ ಬಿತ್ತು. ಒಂದೊಂದು ಏಟಿಗೂ ಅಪ್ಪ ನಿಲ್ಲಿಸಿ, ಮತ್ತೆ "ಯಾರು?" ಎನ್ನುತ್ತಿದ್ದ. ನಾನು ಲಂಗದ ಮಡಿಕೆಯಲ್ಲಿ ಬೆರಳು ಬಚ್ಚಿಟ್ಟುಕೊಂಡು ನಿಂತೇ ಇದ್ದೆ.

ಇವತ್ತು ತರಗತಿಯ ಆ ಅಣ್ಣ ತಂಗಿ ಇಬ್ಬರಿಗೂ ಏನೂ ಅನ್ನದೆ ಹೊರಗೆ ಬಂದು, ನನ್ನ ಅಣ್ಣನಿಗೆ ಫೋನ್ ಮಾಡಿದೆ. "ಅಣ್ಣಾ, ಅವತ್ತು ಬಾಳೆಗುಂಡಿಗೆ ತೂತು ಮಾಡಿದ್ದು ನಾನು."

"ಅಪ್ಪನ್ಗೂ ಗೊತ್ತಿತ್ತು ಕಣವ್ವ," ಅಂದ ಅಣ್ಣ. "ತೂತು ನಿನ್ ಬೆರಳಷ್ಟೇ ಇತ್ತಲ್ಲ. ನೀನು ಬಾಯ್ ಬುಡ್ಲಿ ಅಂತ್ಲೇ ಅಷ್ಟೊತ್ತು ನಂಗೆ ಒಡುದ್ನಂತೆ."