ಕುಡಿಯದೆ ಬಿಟ್ಟ ಕುಶಾಲಪ್ಪ

ಬೆಳ್ತಂಗಡಿ ಪಕ್ಕದ ಲಾಯಿಲದ ಕುಶಾಲಪ್ಪ ಮುಂಬೈಯ ಬಾರುಗಳಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು. ಕೌಂಟರಿನ ಹಿಂದೆ ನಿಂತು ಪೆಗ್ಗು ಅಳೆದು ಹೊಯ್ಯುವುದೇ ಕೆಲಸ. ಅವನ ಕೈಯಿಂದ ಎಷ್ಟು ವಿಸ್ಕಿ, ಎಷ್ಟು ಬ್ರಾಂಡಿ ಹರಿಯಿತೋ ದೇವರೇ ಬಲ್ಲ. ಆದರೆ ಒಂದು ತೊಟ್ಟೂ ಅವನ ಗಂಟಲಿಗೆ ಇಳಿದದ್ದಿಲ್ಲ. ಕೆಲಸಕ್ಕೆ ಸೇರಿದ ದಿನವೇ ಮೊದಲ ಧಣಿ, "ಹೊಯ್ಯುವವ ಕುಡಿದರೆ ಕೈ ನಡುಗ್ತದೆ, ಕೈ ನಡುಗಿದರೆ ಊರಿಗೆ ಟಿಕೆಟ್" ಎಂದಿದ್ದರು. ಕುಶಾಲಪ್ಪ ಹೇಳಿದ ಮಾತು ಕೇಳುವ ಜಾತಿಯವನು. ಅವನ ಕಷ್ಟಕ್ಕೆಲ್ಲ ಈ ಗುಣವೇ ಮೂಲ ಎಂದರೂ ತಪ್ಪಿಲ್ಲ.

ಮೂರು ವರ್ಷದ ಹಿಂದೆ ಅವನು ಊರಿಗೆ ಮರಳಿದ. ಅದೇ ಹೊತ್ತಿಗೆ ಊರಿನಲ್ಲಿ ಮದ್ಯವರ್ಜನ ಶಿಬಿರ ಬಂತು. ಎಂಟು ದಿನ ಶಾಲೆಯ ಹಾಲ್‌ನಲ್ಲಿ ಕುಡುಕರನ್ನು ಕೂಡಿಹಾಕಿ ಭಜನೆ, ವ್ಯಾಯಾಮ, ಬುದ್ಧಿಮಾತು. ಮಹಿಳಾ ಸಂಘದವರು ಮನೆಮನೆಗೆ ಹೋಗಿ ಹೆಸರು ಬರೆದುಕೊಂಡರು. ಮೂವತ್ತೊಂದು ವರ್ಷ ಬಾರಿನಲ್ಲಿದ್ದವನ ಹೆಸರು ಬಿಡಲಾಗುತ್ತದೆಯೇ? ಎಲ್ಲರಿಗಿಂತ ಮೊದಲು ಬರೆದರು.

"ನಾನು ಕುಡಿಯುವುದಿಲ್ಲ" ಎಂದು ಕುಶಾಲಪ್ಪ ಒಂದಲ್ಲ, ಮೂರು ಸಲ ಹೇಳಿದ.

"ಎಲ್ಲರೂ ಹೀಗೇ ಹೇಳುವುದು ಅಣ್ಣ. ನಾಚಿಕೆ ಬೇಡ" ಎಂದು ಸಂಘದ ಅಧ್ಯಕ್ಷೆ ಬೆನ್ನು ತಟ್ಟಿದರು.

ಹೆಂಡತಿ ದಮಯಂತಿಗೆ ಸತ್ಯ ಗೊತ್ತು. ಆದರೆ ಕೆಲಸವಿಲ್ಲದೆ ಹಗಲಿಡೀ ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುವ ಗಂಡನಿಂದ ಅವಳಿಗೂ ಸಾಕಾಗಿತ್ತು. "ಹೋಗಿ ಬನ್ನಿ ಮಾರಾಯ್ರೇ, ಎಂಟು ದಿನ ಊಟ ಕಾಫಿ ಉಂಟು, ಜನ ಉಂಟು" ಎಂದಳು. ಅವನು ಹೋದ.

ಕೊನೆಯ ದಿನ ಶಿಬಿರದ ಪದ್ಧತಿಯಂತೆ ಪ್ರತಿಯೊಬ್ಬನೂ ಎದ್ದುನಿಂತು, ಕುಡಿತ ತನ್ನನ್ನು ಹೇಗೆ ಹಾಳುಮಾಡಿತು ಎಂದು ಹೇಳಬೇಕು. ಉಳಿದವರು ಎರಡು ಮಾತಾಡಿ ಅತ್ತು ಕೂತರು. ಕುಶಾಲಪ್ಪನಿಗೆ ಅಳಲು ಏನೂ ಇರಲಿಲ್ಲ, ಹಾಗಾಗಿ ತಾನು ಕಂಡ ಬಾರುಗಳನ್ನೇ ಹೇಳಿದ. ತೀರಾ ಕೆಟ್ಟದ್ದು ಸಾಕಿನಾಕಾದ ನೆಲಮಾಳಿಗೆಯದು. ಮೇಲಿನ ಮನೆಯ ಬಚ್ಚಲ ನೀರು ಮೇಜಿಗೆ ತೊಟ್ಟಿಕ್ಕುತ್ತಿತ್ತು, ಗಿರಾಕಿಗಳು ಗ್ಲಾಸಿಗೆ ಅಂಗೈ ಮುಚ್ಚಿಕೊಂಡೇ ಕುಡಿಯುತ್ತಿದ್ದರು. ವಿಚಿತ್ರವಾದದ್ದು ಸ್ಮಶಾನದ ಪಕ್ಕದ್ದು. ಹೆಣ ಸುಟ್ಟು ಬಂದವರು ಸತ್ತವನ ಹೆಸರಿಗೊಂದು ಗ್ಲಾಸು ಹೆಚ್ಚು ಹೇಳುತ್ತಿದ್ದರು. ನಮ್ಮಲ್ಲಿ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುವ ಹಾಗೆ ಕುಶಾಲಪ್ಪ ಅದನ್ನೂ ತಲೆ ಬಗ್ಗಿಸಿ ಹೊಯ್ಯುತ್ತಿದ್ದ, ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿದರು.

ಅಲ್ಲಿಗೆ ಮುಗಿಯಿತು ಅವನ ಸ್ವಾತಂತ್ರ್ಯ. ವೇಣೂರಿನ ಶಿಬಿರಕ್ಕೆ ಕರೆದರು, ಮೂಡಬಿದ್ರಿಗೆ ಎರಡು ಸಲ, ಬಂಟ್ವಾಳಕ್ಕೆ ಮೂರು ಸಲ. ಫ್ಲೆಕ್ಸ್‌ನಲ್ಲಿ ಫೋಟೋ ಬಂತು: "ಮೂವತ್ತೊಂದು ವರ್ಷದ ಕುಡಿತದಿಂದ ಮುಕ್ತರಾದ ಶ್ರೀ ಕುಶಾಲಪ್ಪ". ಬಾರಿನಲ್ಲಿ ಕಳೆದ ವರ್ಷಗಳು ಕುಡಿದ ವರ್ಷಗಳಾಗಿಹೋದವು. ತಿದ್ದಲು ಹೊರಟಾಗಲೆಲ್ಲ ಯಾರಾದರೂ ಬಂದು ಕೈ ಹಿಡಿದು, "ನಿಮ್ಮಿಂದ ನಮ್ಮ ಮನೆ ಉಳಿಯಿತು" ಎನ್ನುತ್ತಿದ್ದರು. ಅವನು ತಿದ್ದದೆ ಕೈ ಮುಗಿದು ಬರುತ್ತಿದ್ದ.

ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಭಾಷಣದಲ್ಲಿ ಎಲ್ಲ ಬಾರುಗಳನ್ನೂ ನರಕ ಎನ್ನಬೇಕಿತ್ತು, ಮುಂಬೈಯ ಫೋರ್ಟ್‌ನಲ್ಲಿದ್ದ ಗಡಿಯಾರದ ಬಾರನ್ನು ಕೂಡ. ಅಲ್ಲಿ ಗೋಡೆ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದೆ. ಸಂಜೆ ಆರಕ್ಕೆ ಮುದುಕ ಪಾರ್ಸಿಗಳು ಬಂದು ಒಂದೇ ಪೆಗ್ಗು ಮುಂದಿಟ್ಟುಕೊಂಡು ಪತ್ರಿಕೆ ಓದುತ್ತ, ಕುಶಾಲಪ್ಪನ ಮಕ್ಕಳನ್ನು ಹೆಸರು ಹಿಡಿದು ವಿಚಾರಿಸುತ್ತಿದ್ದರು. ಅವನ ಬದುಕಿನ ಒಳ್ಳೆಯ ಹನ್ನೆರಡು ವರ್ಷ ಅಲ್ಲಿ ಕಳೆದಿತ್ತು. ಮೈಕ್ ಹಿಡಿದು ಅದನ್ನು ಬೈದು ಬಂದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ನೆರೆಮನೆಯ ಕೂಸಪ್ಪ ರಬ್ಬರ್ ಟ್ಯಾಪಿಂಗ್ ಮಾಡುವವನು, ಒಂದು ಕಾಲದಲ್ಲಿ ಚರಂಡಿಯಿಂದ ಎತ್ತಿ ತರಬೇಕಾದಷ್ಟು ಕುಡಿಯುತ್ತಿದ್ದವನು. ಕುಶಾಲಪ್ಪನ ಮಾತು ಕೇಳಿ ಬಿಟ್ಟಿದ್ದ, ಹನ್ನೊಂದು ತಿಂಗಳಾಗಿತ್ತು. ದಿನಾ ಸಂಜೆ ಇಬ್ಬರೂ ಕೂಸಪ್ಪನ ಜಗಲಿಯಲ್ಲಿ ಕೂತು ಕಣ್ಣಚಾಯ, ಅಂದರೆ ಹಾಲಿಲ್ಲದ ಚಹಾ, ಕುಡಿಯುವುದು ರೂಢಿ. ಆರು ಗಂಟೆಯಾದರೆ ಕೂಸಪ್ಪ ಬೆರಳು ಹಿಸುಕಿಕೊಳ್ಳುತ್ತ ಕೇಳುತ್ತಿದ್ದ: "ಈ ಹೊತ್ತಿಗೇ ಕಷ್ಟ, ಅಲ್ವಾ ಕುಶಾಲಣ್ಣ?"

"ಹೌದು ಮಾರಾಯ" ಎಂದು ಕುಶಾಲಪ್ಪ ನೆಲ ನೋಡುತ್ತ ಸುಳ್ಳು ಹೇಳುತ್ತಿದ್ದ.

ಒಂದು ಸಂಜೆ ಕೂಸಪ್ಪ ಚಹಾ ಕೊಡಲಿಲ್ಲ. ಮುಂಬೈಯಿಂದ ಅವನ ಭಾವನ ಫೋನು ಬಂದಿತ್ತಂತೆ; ಕುಶಾಲಪ್ಪನ ಬಾರಿಗೆ ಹೋಗುತ್ತಿದ್ದವನು ಆತ. "ಭಾವ ನಗಾಡ್ತಾನೆ ಕುಶಾಲಣ್ಣ. ನೀವು ಜನ್ಮದಲ್ಲಿ ಕುಡಿದವರೇ ಅಲ್ಲ ಅಂತ. ಹಾಗಾದ್ರೆ ನಾನು ಯಾರನ್ನು ನಂಬಿ ಬಿಟ್ಟದ್ದು? ಮೂವತ್ತೊಂದು ವರ್ಷ ಕುಡಿದವರಿಗೆ ಆಗ್ತದೆ ಅಂದ್ರೆ ನನಗೂ ಆಗ್ತದೆ ಅಂತ ಅಲ್ವಾ ನಾನು ಹಲ್ಲು ಕಚ್ಚಿ ಕೂತದ್ದು?" ಅವನು ಎದ್ದುನಿಂತ. "ಸಂಕ್ರಮಣಕ್ಕೆ ನಮ್ಮ ದೈವದ ಗುಡಿಯ ಮೆಟ್ಟಿಲಿಗೆ ಕೈ ಮುಟ್ಟಿಸಿ ಹೇಳಿ. ಕುಡಿದದ್ದು ಹೌದು, ಬಿಟ್ಟದ್ದು ಹೌದು ಅಂತ. ಅದಾದ ಮೇಲೆ ನಾನು ಯಾರ ಮಾತೂ ಕೇಳುವುದಿಲ್ಲ."

ಆ ಮೆಟ್ಟಿಲಿಗೆ ಕೈಯಿಟ್ಟು ಸುಳ್ಳು ಹೇಳುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇಲ್ಲ. ಕೋರ್ಟಿನಲ್ಲಿ ಸಲೀಸಾಗಿ ಸುಳ್ಳು ಹೇಳಿ ಬಂದವರೂ ಅಲ್ಲಿ ಬೆವರುತ್ತಾರೆ. ಕುಶಾಲಪ್ಪ ಮನೆಗೆ ಬಂದು ದಮಯಂತಿಗೆ ಎಲ್ಲ ಹೇಳಿದ.

"ಸತ್ಯ ಹೇಳಿದ್ರೆ ಕೂಸಪ್ಪ ಅದೇ ಸಂಜೆ ವೈನ್‌ಶಾಪಿನಲ್ಲಿ. ಅವನ ಹೆಂಡತಿಯ ಮುಖ ನಾನು ಹೇಗೆ ನೋಡುವುದು?" ಎಂದಳು ಅವಳು. "ಸುಳ್ಳು ಹೇಳಿದ್ರೆ ದೈವ ಬಿಡುವುದಿಲ್ಲ" ಎಂದು ತಾನೇ ಸೇರಿಸಿದಳು. "ನಾನೇ ಅಲ್ವಾ ನಿಮ್ಮನ್ನು ಕಳಿಸಿದ್ದು" ಎಂದು ಅತ್ತಳು ಕೂಡ.

ಎರಡು ದಿನ ಅವನಿಗೆ ಅನ್ನ ರುಚಿಸಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಅಂದರೆ ಸಂಕ್ರಮಣದ ಹಿಂದಿನ ದಿನ, ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ ಹತ್ತಿದ. ಬೆಳ್ತಂಗಡಿಯಲ್ಲಿ ಇಳಿಯುವ ಹಾಗಿಲ್ಲ, ಎಲ್ಲ ಗುರುತಿನ ಮುಖಗಳು. ವೇಣೂರು, ಮೂಡಬಿದ್ರಿಗಳಲ್ಲಿ ಅವನ ಫ್ಲೆಕ್ಸ್ ಇನ್ನೂ ಹರಿದಿರಲಿಲ್ಲ. ಬಂಟ್ವಾಳದ ಸ್ಟ್ಯಾಂಡಿನಲ್ಲಿ ಒಬ್ಬ ಅಪರಿಚಿತ ಓಡಿಬಂದು ನಮಸ್ಕಾರ ಮಾಡಿ, "ನಿಮ್ಮ ಭಾಷಣ ಕೇಳಿದ್ದೇನೆ" ಎಂದ. ಮೂರು ತಾಲೂಕಿನಲ್ಲಿ ಒಂದು ಗ್ಲಾಸು ಕುಡಿಯಲು ಜಾಗವಿಲ್ಲದ ಏಕೈಕ ಮನುಷ್ಯ ತಾನೆಂದು ಅವನಿಗೆ ಹೊಳೆಯಿತು. ನಗು ಬರಬೇಕಿತ್ತು, ಬರಲಿಲ್ಲ.

ಮೆಲ್ಕಾರ್ ದಾಟಿ ಹೆದ್ದಾರಿ ಬದಿಯಲ್ಲಿ ಒಂದು ಬಾರು ಸಿಕ್ಕಿತು. ಒಳಗೆ ಕತ್ತಲು. ಮೂವತ್ತೊಂದು ವರ್ಷದ ಕಣ್ಣು ಸುಮ್ಮನಿರುತ್ತದೆಯೇ? ಗ್ಲಾಸಿಗೆ ಮೀನಿನ ವಾಸನೆ, ಪೆಗ್ಗಿನ ಅಳತೆ ಒಂದು ಬೆರಳು ಕಡಿಮೆ. ಇದು ಸಾಕಿನಾಕಾದ್ದಕ್ಕಿಂತ ಪರವಾಗಿಲ್ಲ ಎಂದು ಲೆಕ್ಕ ಹಾಕಿದ. ಜೀವಮಾನದಲ್ಲಿ ಮೊದಲ ಬಾರಿ ಅವನು ಕೌಂಟರಿನ ಈಚೆ ಕಡೆ ಕೂತಿದ್ದ. ಬ್ರಾಂಡಿ ಬಂತು. ಸತ್ತವರ ಗ್ಲಾಸಿಗೆ ತಲೆ ಬಗ್ಗಿಸಿದಂತೆ ಬಗ್ಗಿಸಿ ಒಂದೇ ಗುಟುಕಿಗೆ ಇಳಿಸಿದ.

ಮೊದಲು ಬೆಂಕಿ, ಕೆಮ್ಮು, ಕಣ್ಣಲ್ಲಿ ನೀರು. ಇದಕ್ಕಾಗಿ ಜನ ಹೊಲ ಮನೆ ಮಾರುತ್ತಾರಾ ಎಂದು ಜುಗುಪ್ಸೆಯಾಯಿತು. ಆಮೇಲೆ ನಿಧಾನವಾಗಿ ಎದೆ ಬೆಚ್ಚಗಾಯಿತು. ಮೂರು ವರ್ಷದಿಂದ ಬಿಗಿದಿದ್ದ ಹೆಗಲು ಸಡಿಲಾಯಿತು. ಗಡಿಯಾರದ ಬಾರಿನ ಮುದುಕರು ಒಬ್ಬೊಬ್ಬರೇ ಬಂದು ತಮ್ಮ ಕುರ್ಚಿಯಲ್ಲಿ ಕೂತಂತಾಯಿತು. ಅವರು ಒಂದೇ ಪೆಗ್ಗಿಗೆ ಅಷ್ಟು ಹೊತ್ತು ಯಾಕೆ ಕೂರುತ್ತಿದ್ದರು ಎಂಬುದು ಈಗ ತಿಳಿಯಿತು. ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು. ಇನ್ನೊಂದು ಹೇಳಿದ. ಅದೂ ಮುಗಿದು ಮೂರನೆಯದಕ್ಕೆ ಕೈ ತಾನಾಗಿ ಮೇಲೆದ್ದಾಗ ಬೆಚ್ಚಿಬಿದ್ದು ಹೊರಗೆ ಓಡಿಬಂದ.

ಮರುದಿನ ಮಿಂದು, ಗುಡಿಯ ಮೆಟ್ಟಿಲಿಗೆ ಅಂಗೈ ಊರಿದ. "ಕುಡಿದದ್ದು ಹೌದು. ಬಿಟ್ಟದ್ದು ಹೌದು" ಎಂದ. ಸ್ವರ ನಡುಗಲಿಲ್ಲ.

ಕೂಸಪ್ಪನ ಮುಖ ಅರಳಿತು. ಅವನೂ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ತನ್ನ ಕೈಯನ್ನು ಕುಶಾಲಪ್ಪನ ಕೈಯ ಮೇಲೆ ಒತ್ತಿದ. "ಇನ್ನು ಸಾಯುವವರೆಗೆ ಮುಟ್ಟುವುದಿಲ್ಲ ಅಂತಲೂ ಹೇಳುವ ಕುಶಾಲಣ್ಣ. ಇಬ್ಬರೂ ಒಟ್ಟಿಗೆ."

ಕುಶಾಲಪ್ಪನಿಗೆ ಕೈ ಎಳೆದುಕೊಳ್ಳುವ ಹಾಗಿರಲಿಲ್ಲ. ಹೇಳಿದ.

ಆ ಸಂಜೆ ಜಗಲಿಗೆ ಮತ್ತೆ ಕಣ್ಣಚಾಯ ಬಂತು. ಆರು ಗಂಟೆಯಾಯಿತು. ಕುಶಾಲಪ್ಪನಿಗೆ ಗಂಟಲು ಒಣಗಿತು, ನಾಲಿಗೆ ಏನನ್ನೋ ಹುಡುಕಿತು. ಗ್ಲಾಸು ಹಿಡಿದ ಕೈ, ಮೂವತ್ತೊಂದು ವರ್ಷ ಒಂದು ಹನಿ ಚೆಲ್ಲದ ಕೈ, ಸಣ್ಣಗೆ ನಡುಗುತ್ತಿತ್ತು.

"ಈ ಹೊತ್ತಿಗೇ ಕಷ್ಟ, ಅಲ್ವಾ ಕುಶಾಲಣ್ಣ?"

"ಹೌದು ಮಾರಾಯ" ಎಂದ ಕುಶಾಲಪ್ಪ. ಈ ಸಲ ಅವನು ನೆಲ ನೋಡಲಿಲ್ಲ, ಕೂಸಪ್ಪನ ಮುಖವನ್ನೇ ನೋಡಿದ. "ಭಾರೀ ಕಷ್ಟ ಉಂಟು."