ಕೋಪರಖೈರಣೆಯಿಂದ ಸೀವುಡ್ಸ್‌ವರೆಗೆ ಒಂದು ಅಧ್ಯಾಯ

ನಮ್ಮ ಮನೆಯ ಹಾಲ್‌ನಲ್ಲಿ ಕೆಲವು ಕಾಲ ಕಣ್ಣಿಗೆ ಕಾಣದ ಹಗ್ಗವೊಂದು ಇತ್ತು, ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನಿಂದ ಟಿ.ವಿ. ಪಕ್ಕದ ಸ್ಟೂಲಿನ ಮೇಲಿದ್ದ ನನ್ನ ಫೋನಿನವರೆಗೆ. ಫೈಲು ಹೋಗುತ್ತಿರುವಾಗ ಅದರ ಮಧ್ಯೆ ಯಾರೂ ದಾಟಕೂಡದು ಎಂದು ನಾನು ಕಟ್ಟಪ್ಪಣೆ ಮಾಡಿದ್ದೆ. ನಮ್ಮ ಮನೆಯವರು ಕಾಫಿ ಲೋಟ ಹಿಡಿದು ಅಡುಗೆಮನೆಯಿಂದ ಬರುವಾಗ, ಒಣಹಾಕಿದ ಸೀರೆಯ ಕೆಳಗೆ ನುಸುಳುವವರ ಹಾಗೆ ಬೆನ್ನು ಬಗ್ಗಿಸಿ ಬರುತ್ತಿದ್ದರು.

“ಈಗ ದಾಟಬಹುದೇನೇ, ಇಲ್ಲಾ ಸಿಗ್ನಲ್ ಬೀಳಬೇಕಾ?”

“ತಮಾಷೆ ಬೇಡ ರೀ. ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ ಕಳಿಸಬೇಕು.”

“ಗಾಳೀಲಿ ತಾನೆ ಹೋಗೋದು? ನನ್ನ ಹೊಟ್ಟೆಗೆ ತಗುಲಿ ಕೆಳಗೆ ಬಿದ್ದುಹೋಗುತ್ತಾ?”

ಬೀಳುವುದಿಲ್ಲ ಎಂದು ನನಗೂ ಖಾತ್ರಿಯಿರಲಿಲ್ಲ. ಪರದೆಯ ಮೇಲಿನ ನೀಲಿ ಪಟ್ಟಿ ತುದಿ ಮುಟ್ಟುವವರೆಗೆ ಕೂತಲ್ಲಿ ಕೂರಲಾಗದೆ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದೆ.

ಆ ಫೈಲುಗಳಲ್ಲಿ ಇದ್ದದ್ದು ನನ್ನದೇ ದನಿ. ಠಾಣೆ ಪಟ್ಟಣದ ಹಾಸ್ಟೆಲೊಂದರಲ್ಲಿದ್ದು ಬಿ.ಎ. ಓದುತ್ತಿದ್ದ, ಕಣ್ಣು ಕಾಣದ ಹುಡುಗಿಯೊಬ್ಬಳಿಗೆ ಇತಿಹಾಸದ ಪುಸ್ತಕವನ್ನು ಓದಿ ರೆಕಾರ್ಡ್ ಮಾಡಿ ಕೊಡುತ್ತಿದ್ದೆ. ಅವಳ ತಂದೆ ತಾಯಿ ವಿಜಯಪುರದ ಕಡೆಯವರು, ಕಲ್ಯಾಣದಲ್ಲಿ ನೆಲೆಸಿದವರು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಮಾತಾಡುವಾಗ ಮಾತ್ರ ಹಿಂದಿಯೂ ಮರಾಠಿಯೂ ಜೊತೆಗೆ ಬರುತ್ತಿದ್ದವು. ಕನ್ನಡ ಸಂಘದ ಹೆಂಗಸೊಬ್ಬರು, “ನೀವು ಕಾನ್ವೆಂಟಿನವರು, ಇಂಗ್ಲಿಷ್ ಸ್ಪಷ್ಟವಾಗಿ ಓದ್ತೀರಿ” ಎಂದು ಪರಿಚಯ ಮಾಡಿಸಿದ್ದರು. ಮೈಸೂರಿನಲ್ಲಿ ಸಿಸ್ಟರುಗಳು ಕಲಿಸಿದ ಹಾಗೆ, ವಾಕ್ಯ ಮುಗಿದಲ್ಲಿ ಒಂದು ಉಸಿರು ಬಿಟ್ಟು, ನಿಧಾನವಾಗಿ ಓದುತ್ತಿದ್ದೆ. ಅವಳು ಅದನ್ನು ಎರಡರಷ್ಟು ವೇಗಕ್ಕೆ ಏರಿಸಿಕೊಂಡು ಕೇಳುತ್ತಿದ್ದಳು. ಒಮ್ಮೆ ನನಗೂ ಕೇಳಿಸಿದಳು. ಅಳಿಲೊಂದು ಪಾಠ ಮಾಡಿದ ಹಾಗಿತ್ತು.

ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಬೆವರುತ್ತಾ ಫೋನಿಗೆ ಓದುವುದು. ಆಮೇಲೆ ಅದನ್ನು ಕಂಪ್ಯೂಟರಿಗೆ ಹಾಕಿ, ನನ್ನ ಕೆಮ್ಮು, ಕುಕ್ಕರಿನ ಸೀಟಿ, ಎ.ಸಿ.ಯ ಮೇಲೆ ಕೂತ ಪಾರಿವಾಳಗಳ ಗೊಣಗಾಟ ಎಲ್ಲವನ್ನೂ ಕತ್ತರಿಸುವುದು. ಫೋನಿನಲ್ಲಿ ಜಾಗ ಕಡಿಮೆ, ಹಾಗಾಗಿ ಅಲ್ಲಿಂದ ಅಳಿಸಿಬಿಡುತ್ತಿದ್ದೆ. ಫೋನನ್ನು ಕಂಪ್ಯೂಟರಿಗೆ ಜೋಡಿಸುವ ವಯರಿನ ತುದಿ ಸಡಿಲವಾಗಿ, ಹೆಬ್ಬೆರಳಿನಿಂದ ಒತ್ತಿ ಹಿಡಿದರಷ್ಟೇ ಹಿಡಿಯುತ್ತಿತ್ತು. ಅದನ್ನು ನೋಡಿ ನೋಡಿ ಬೇಸತ್ತ ಮಗಳು ವಯರಿಲ್ಲದೆ ಕಳಿಸುವ ಆ್ಯಪ್ ಹಾಕಿಕೊಟ್ಟಳು. ಫೋನು ಒಂದು ಉದ್ದನೆಯ ಸಂಖ್ಯೆ ತೋರಿಸುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ಬಾಗಿಲು ತೆರೆದ ಹಾಗೆ. “ಎರಡೂ ಒಂದೇ ವೈಫೈನಲ್ಲಿ ಇರ್ಬೇಕು ಅಮ್ಮ, ಅಷ್ಟೇ” ಎಂದಿದ್ದಳು. ಮೇಲ್ ಮಾಡಲು ಫೈಲುಗಳು ತೀರ ದೊಡ್ಡವು, ಹುಡುಗಿಯ ಡೇಟಾ ಪ್ಯಾಕ್ ತೀರ ಸಣ್ಣದು. ಆದ್ದರಿಂದ ಅವಳೇ ನಮ್ಮ ಮನೆಗೆ ಬಂದು, ಅದೇ ಆ್ಯಪಿನಿಂದ ತನ್ನ ಫೋನಿಗೆ ತುಂಬಿಸಿಕೊಂಡು ಹೋಗುತ್ತಿದ್ದಳು.

ಕೊನೆಯ ಮೂರು ಅಧ್ಯಾಯಗಳು ತಡವಾದವು. ನನಗೆ ಜ್ವರ, ಗಂಟಲು ಕಟ್ಟಿತ್ತು. ಸೋಮವಾರ ಅವಳ ಪರೀಕ್ಷೆ. ಶನಿವಾರ ಅವಳು ಸೀವುಡ್ಸ್‌ಗೆ ಹೋಗಿ, ಪರೀಕ್ಷೆಯಲ್ಲಿ ತಾನು ಹೇಳಿದ್ದನ್ನು ಬರೆದುಕೊಡುವ ಹುಡುಗಿಯನ್ನು ಕಾಣಬೇಕಿತ್ತು. ಮನೆಗೆ ಬರಲು ಪುರುಸೊತ್ತಿಲ್ಲ. ದಾರಿಯಲ್ಲಿ ನಮ್ಮ ಸ್ಟೇಷನ್ನಾದ ಕೋಪರಖೈರಣೆಯಲ್ಲಿ ಇಳಿದು, ಫೈಲು ತೆಗೆದುಕೊಂಡು ಮುಂದಿನ ಲೋಕಲ್ ಗಾಡಿ ಹಿಡಿಯುತ್ತೇನೆ ಎಂದಳು. ನಾನು ಲ್ಯಾಪ್‌ಟಾಪನ್ನೂ, ಅವಳಿಗೆ ಹಿಂತಿರುಗಿಸಬೇಕಿದ್ದ ಜೆರಾಕ್ಸ್ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ.

ಹುಡುಗಿ ಗಾಡಿಯಿಂದ ಇಳಿದು ಬಂದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಇಬ್ಬರೂ ಕೂತು ಲ್ಯಾಪ್‌ಟಾಪ್ ತೆರೆದ ಮೇಲಷ್ಟೇ ನನಗೆ ಹೊಳೆಯಿತು. ವೈಫೈ ಮನೆಯಲ್ಲಿ ಉಳಿದಿತ್ತು.

“ಅಯ್ಯೋ, ಇಲ್ಲಿ ನೆಟ್ ಎಲ್ಲಿಂದ ತರಲಿ ಪುಟ್ಟಾ?”

“ನೆಟ್ ಯಾಕ ಬೇಕ್ರಿ ಆಂಟಿ? ಮೇರಾ ಹಾಟ್‌ಸ್ಪಾಟ್ ಚಾಲೂ ಕರ್ತೀ ಹೂಂ. ನಿಮ್ಮ ಲ್ಯಾಪ್‌ಟಾಪ್ ಅದಕ್ಕ ಜೋಡಸ್ರಿ.”

“ನಿನ್ನ ಪ್ಯಾಕ್ ಖಾಲಿಯಾಗಲ್ವಾ?”

“ನಹೀ ಆಂಟಿ. ನಿಮ್ಮ ಲ್ಯಾಪ್‌ಟಾಪಿಂದ ನನ್ನ ಫೋನಿಗಷ್ಟ ಹೋಗ್ತದ, ನೆಟ್ ಖರ್ಚಾಗಂಗಿಲ್ಲ.”

ಪರದೆಯಲ್ಲಿರುವುದನ್ನು ಓದಿ ಹೇಳುವ ಅವಳ ಫೋನು ಪಟಪಟನೆ ಮಾತಾಡಿತು, ಅವಳು ಪಾಸ್‌ವರ್ಡ್ ಹೇಳಿದಳು, ಬಾಗಿಲು ತೆರೆಯಿತು. ನೀಲಿ ಪಟ್ಟಿ ತೆವಳತೊಡಗಿತು. ನಮ್ಮ ಲ್ಯಾಪ್‌ಟಾಪಿನ ಬ್ಯಾಟರಿಗೆ ವಯಸ್ಸಾಗಿತ್ತು. ಮನೆಯಲ್ಲಿ ಸದಾ ಪ್ಲಗ್ಗಿನಲ್ಲಿರುತ್ತಿದ್ದದ್ದು, ಹೊರಗೆ ಎಷ್ಟು ಹೊತ್ತು ಬದುಕುತ್ತದೆಂದು ಯಾರೂ ನೋಡಿದವರಲ್ಲ. ನಾನು ಒಮ್ಮೆ ಪಟ್ಟಿಯನ್ನು, ಒಮ್ಮೆ ಬ್ಯಾಟರಿಯ ಗುರುತನ್ನು, ಒಮ್ಮೆ ಮುಂದಿನ ಗಾಡಿಯ ಹೊತ್ತು ತೋರಿಸುವ ಇಂಡಿಕೇಟರನ್ನು ನೋಡುತ್ತಿದ್ದೆ. ಹುಡುಗಿ ಮಡಿಲಲ್ಲಿ ಕೈ ಜೋಡಿಸಿ ಸುಮ್ಮನೆ ಕೂತಿದ್ದಳು. ಬೆರಳು ಮಾತ್ರ ಉಗುರಿನ ಪಕ್ಕದ ಸಿಪ್ಪೆಯನ್ನು ಕೀಳುತ್ತಿತ್ತು.

ಒಂದು ಅಧ್ಯಾಯ ಹೋಯಿತು. ಸೀವುಡ್ಸ್ ಮೇಲೆ ಹೋಗುವ ಪನ್ವೇಲ್ ಗಾಡಿ ಬಂತು. ಬಿಟ್ಟೆವು. ಎರಡನೆಯದೂ ಹೋಯಿತು. ಇನ್ನೊಂದು ಗಾಡಿಯ ಅನೌನ್ಸ್‌ಮೆಂಟ್ ಆಯಿತು. “ಇದೂ ಬಿಟ್ಟರ ಬರಿಯೋ ಆಕಿ ಮನೀಗೆ ಹೋಗ್ತಾಳ್ರಿ” ಎಂದಳು ಹುಡುಗಿ. “ಪೀಸ್ ಟ್ರೀಟಿ ವಾಲಾ ಬಂತೇನ್ರಿ? ಅದರಾಗಿಂದ ಪಕ್ಕಾ ಬರ್ತದ ಕ್ವೆಶ್ಚನ್.”

ಅದೇ ಬಂದಿರಲಿಲ್ಲ. ಮಹಾಯುದ್ಧ ಮುಗಿದ ಮೇಲಿನ ಒಪ್ಪಂದಗಳ ಅಧ್ಯಾಯ, ಎಲ್ಲಕ್ಕಿಂತ ಉದ್ದದ್ದು.

ಗಾಡಿ ಬಂದು ನಿಂತಿತು. ಅವಳ ಫೋನು ಅವಳ ಜೊತೆ ಹೋದರೆ ನೆಟ್‌ವರ್ಕೂ ಹೋಗುತ್ತದೆ. ನಾನೂ ಹೋದರೆ ಹೋಗುವುದಿಲ್ಲ. ಇಷ್ಟು ಹೊಳೆಯುವಷ್ಟರಲ್ಲಿ ತೆರೆದ ಲ್ಯಾಪ್‌ಟಾಪನ್ನು ತಾಂಬೂಲದ ತಟ್ಟೆಯ ಹಾಗೆ ಅಂಗೈ ಮೇಲೆ ಹೊತ್ತು, ಇನ್ನೊಂದು ಕೈಯನ್ನು ಅವಳಿಗೆ ಕೊಟ್ಟು ಲೇಡೀಸ್ ಡಬ್ಬಿ ಹತ್ತಿದ್ದೆ. ಹಿಂದೆಂದೂ ಮನೆಯಲ್ಲಿ ಹೇಳದೆ ಗಾಡಿ ಹತ್ತಿದವಳಲ್ಲ ನಾನು.

“ಸರ್ಕಾ ಜರಾ, ಬಾಯಿಂಚಾ ಕಾಂಪ್ಯೂಟರ್ ಪಡೇಲ್” ಎಂದು, ನನ್ನ ಕಂಪ್ಯೂಟರ್ ಬಿದ್ದೀತೆಂದು ಉಳಿದವರನ್ನೂ ಸರಿಸಿ, ಕೊತ್ತಂಬರಿ ಕಟ್ಟಿನ ಬುಟ್ಟಿಯಾಕೆಯೊಬ್ಬಳು ಜಾಗ ಕೊಟ್ಟಳು. ಗಾಡಿ ಹೊರಟಿತು. ಪಟ್ಟಿ ಚಲಿಸುತ್ತಲೇ ಇತ್ತು. ಅರ್ಧ ದಾಟಿತು, ಮುಕ್ಕಾಲಾಯಿತು. ತುರ್ಭೆ ಹತ್ತಿರವಾಗುತ್ತಿದ್ದಾಗ ಪರದೆ ಕಪ್ಪಾಯಿತು. ಗುಂಡಿ ಒತ್ತಿದೆ. ಮತ್ತೆ ಒತ್ತಿದೆ. ಅದರಲ್ಲಿ ನನ್ನ ಮುಖವಷ್ಟೇ ಕಂಡಿತು.

“ಫೇಲ್ಡ್ ಅಂತದ” ಎಂದಳು ಹುಡುಗಿ. ಅವಳ ಫೋನು ಆಗಲೇ ಹೇಳಿಯಾಗಿತ್ತು.

ನಾನು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕಿಟ್ಟೆ. ಕೈಗೆ ಪುಸ್ತಕ ತಗುಲಿತು. “ರೆಕಾರ್ಡ್ ಮಾಡ್ಕೋ. ಓದ್ತೀನಿ.”

“ಇಲ್ಲೇನ್ರಿ?”

“ಮತ್ತೆಲ್ಲಿ? ಫೋನ್ ನನ್ನ ಬಾಯಿ ಹತ್ತಿರ ಹಿಡಿ.”

ಕಟ್ಟಿದ ಗಂಟಲಲ್ಲೇ ಓದಿದೆ, ಉಸಿರುಗಿಸಿರು ಏನೂ ಬಿಡದೆ, ಅವಳು ವೇಗ ಏರಿಸಿಕೊಂಡ ಮೇಲೆ ಹೇಗಿರುತ್ತದೋ ಹೆಚ್ಚುಕಮ್ಮಿ ಹಾಗೆ. ಎದುರಿಗಿದ್ದ ಇಬ್ಬರು ಕಾಲೇಜು ಹುಡುಗಿಯರು ಮೊದಲು ನಕ್ಕರು. ಪುಸ್ತಕ ನೋಡಿಯೇ ಊಹಿಸಿದ ಬುಟ್ಟಿಯಾಕೆ ಅವರ ಕಡೆ ತಿರುಗಿ, “ಪರೀಕ್ಷಾ ಆಹೇ ತಿಚೀ, ಗಪ್ ಬಸಾ” ಎಂದು ಗದರಿದಳು. ಅದೂ ರೆಕಾರ್ಡ್ ಆಯಿತು. ಕಿವಿಯೋಲೆ ಮಾರುವವಳು ಕೂಗುತ್ತಾ ಬಂದು, ನಮ್ಮ ಹತ್ತಿರ ಬಂದಾಗ ಬಾಯಿ ಮುಚ್ಚಿ, ದಾಟಿದ ಮೇಲೆ ಮತ್ತೆ ಕೂಗಿದಳು. ಜುಯಿನಗರ ಹೋಯಿತು, ನೆರೂಳ್ ಹೋಯಿತು. ಪುಟಗಳು ಉಳಿದೇ ಇದ್ದವು.

ಸೀವುಡ್ಸ್‌ನಲ್ಲಿ ಬರೆದುಕೊಡುವ ಹುಡುಗಿ ಇನ್ನೂ ಹೋಗಿರಲಿಲ್ಲ. ಗಡಿಯಾರ ನೋಡುತ್ತಾ ನಮ್ಮ ಕಡೆ ಬಂದವಳು, ನಾನು ನಡೆಯುತ್ತಲೇ ಓದುತ್ತಿದ್ದುದನ್ನು ಕಂಡು, ಏನೂ ಕೇಳದೆ ನನ್ನ ಚೀಲ ತೆಗೆದುಕೊಂಡು ಒಂದು ಬೆಂಚು ತೋರಿಸಿದಳು. ಅಲ್ಲಿ ಕೂತು ಕೊನೆಯ ವಾಕ್ಯದವರೆಗೆ ಓದಿ ಪುಸ್ತಕ ಮಡಿಸಿದೆ.

ಹುಡುಗಿ ಫೋನನ್ನು ಕಿವಿಗೆ ಹಿಡಿದು ಅಲ್ಲಲ್ಲಿ ಕೇಳಿ ನೋಡಿದಳು. ಒಂದು ಕಡೆ ಅವಳ ಹುಬ್ಬು ಗಂಟಿಕ್ಕಿತು.

“ಆಂಟಿ, ಜರ್ಮನಿ ಏನೇನು ಕಳಕೊಂಡ್ತು ಅಂತ ಬರ್ತದಲ್ರಿ, ಅಲ್ಲಿ ಗಾಡಿ ಹಾರ್ನ್ ಬಂದದ. ಅಷ್ಟು ಫಿರ್ ಸೆ ಓದ್ರಿ ನಾ.”

ನಾನು ಕನ್ನಡಕ ಒರೆಸಿಕೊಂಡು ಆ ಪುಟ ಹುಡುಕಿದೆ. ಈ ಸಲ ನಿಧಾನವಾಗಿ ಓದಿದೆ.